ಮಾಸ್ತರರು ತಿದ್ದಿದ ಚಂದ್ರಯಾನ

ಎಂಟನೆಯ ಇಯತ್ತೆಯ ವಿಜ್ಞಾನ ಪಠ್ಯದಲ್ಲಿ ಏನೇನಿತ್ತೆಂದು ಕೇಳಿದರೆ ನಾನಿಂದು ಉತ್ತರಿಸಲಾರೆ. ಆದರೆ ಜೂಲ್ಸ್ ವರ್ನ್ 1865ರ ತನ್ನ ಕಾದಂಬರಿಯಲ್ಲಿ ಮೂವರನ್ನು ಚಂದ್ರನತ್ತ ಹಾರಿಸಲು ಫ್ಲಾರಿಡಾದ ನೆಲದೊಳಗೆ ಎರಕ ಹೊಯ್ಯಿಸಿದ ಫಿರಂಗಿಯ ಉದ್ದ 900 ಅಡಿ ಎಂಬುದನ್ನು ಮರೆತಿಲ್ಲ. ಅದಕ್ಕೆ ಕಾರಣರಾದ ನಮ್ಮ ವಿಜ್ಞಾನದ ಮಾಸ್ತರರು ಈ ವರ್ಷ ತೀರಿಕೊಂಡರು. ಅದೇ ಸುಮಾರಿಗೆ ಊರಿನ ಮನೆಯನ್ನು ತೆರವು ಮಾಡಬೇಕಾಗಿ ಬಂದು, ಬಾಲ್ಯದ ವೈಜ್ಞಾನಿಕ ಕಾದಂಬರಿಗಳನ್ನು ವಿಲೇವಾರಿ ಮಾಡುವ ಕೆಲಸವೂ ನನ್ನ ಪಾಲಿಗೆ ಬಂತು.

ಮಾಸ್ತರರು ಕಥೆಪುಸ್ತಕ ಓದಬೇಡಿರೆಂದವರಲ್ಲ, ಓದಿದ್ದನ್ನು ಲೆಕ್ಕ ಹಾಕದೆ ನಂಬಬೇಡಿರೆಂದವರು. ವರ್ನ್‌ನ ಗುಂಡು ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗವನ್ನು ಆ 900 ಅಡಿಯೊಳಗೇ ಪಡೆಯಬೇಕಾದರೆ ಒಳಗೆ ಕುಳಿತವರ ಗತಿಯೇನೆಂದು ಅವರು ಹಲಗೆಯ ಮೇಲೆ ಬಿಡಿಸಿದಾಗ, ಗುರುತ್ವದ 20,000 ಪಟ್ಟಿಗೂ ಮಿಕ್ಕ ವೇಗೋತ್ಕರ್ಷ ಬಂತು. ಹಾಗಾದರೆ 40 ಕಿಲೋ ತೂಗುವ ಹುಡುಗನ ಮೇಲೆ 800 ಟನ್ ಭಾರ ಬಿದ್ದಂತಾಗುತ್ತದೆಂದು ಮೊದಲು ಹೇಳಿದವನು ನಾನೇ ಎಂಬುದನ್ನು ಇಲ್ಲಿ ದಾಖಲಿಸದೆ ಇರಲಾರೆ. "ಚಂದ್ರನ್ನ ಮುಟ್ಟೂದು ದೂರ ಉಳೀತು, ನಳಿಗಿ ದಾಟೂದ್ರಾಗ ಚಟ್ನಿ ಆಗಿರ್ತಾರ" ಎಂದರು ಮಾಸ್ತರರು.

ಲೆಕ್ಕದಿಂದ ತೃಪ್ತಿಯಾಗದೆ ನಾವು ಕೆಲವರು ಪ್ರಯೋಗಕ್ಕಿಳಿದೆವು. ದೀಪಾವಳಿಯಲ್ಲಿ ಉಳಿದಿದ್ದ ಪಟಾಕಿಯ ಮೇಲೆ ತಗಡಿನ ಡಬ್ಬಿಯನ್ನಿಟ್ಟು, ಪ್ರಯಾಣಿಕರೆಂದು ಅದರೊಳಗೆ ಮೂರು ಟೊಮೆಟೊಗಳನ್ನು ಕೂಡಿಸಿ ಬತ್ತಿಗೆ ಬೆಂಕಿ ಹಚ್ಚಿದೆವು. ಡಬ್ಬಿ ಹೆಡ್ಮಾಸ್ತರರ ಕೋಣೆಯ ಹಂಚುಗಳನ್ನೊಡೆದು ನಿಂತಿತು. ಬೆತ್ತ ಹೊರಬರುವಷ್ಟರಲ್ಲಿ ಮಾಸ್ತರರು ಓಡಿ ಬಂದು, ಡಬ್ಬಿಯೊಳಗೆ ಇಣುಕಿ, ಮೂವರೂ ಸತ್ತಿರುವುದರಿಂದ ಲೆಕ್ಕ ಸರಿಯಿದೆಯೆಂದು ಗಂಭೀರವಾಗಿ ವರದಿ ಒಪ್ಪಿಸಿದರು. ಬೆತ್ತದ ಏಟು ತಪ್ಪಲಿಲ್ಲ. ಹಂಚಿನ ಹಣವನ್ನು ಮಾತ್ರ ಅವರೇ ತೆತ್ತರು.

ಎಚ್. ಜಿ. ವೆಲ್ಸ್‌ನ ಕಾದಂಬರಿಯ ಅದೃಶ್ಯ ಮನುಷ್ಯನ ಮೋಹ ನನ್ನನ್ನು ಬಹುಕಾಲ ಹಿಡಿದಿತ್ತು. ಅದನ್ನರಿತ ಮಾಸ್ತರರು ರಷ್ಯದ ವಿಜ್ಞಾನ ಲೇಖಕ ಪೆರೆಲ್ಮನ್‌ನ ಭೌತವಿಜ್ಞಾನದ ಪುಸ್ತಕವನ್ನು ಕೈಗಿತ್ತರು. ಸೋವಿಯತ್ ಪುಸ್ತಕಗಳು ನಮ್ಮಂಥವರ ಕೈಗೂ ಎಟಕುವ ಬೆಲೆಗೆ ಸಿಗುತ್ತಿದ್ದ ಕಾಲವದು. 1991ರಲ್ಲಿ ಆ ದೇಶವೇ ಇಲ್ಲವಾದ ಮೇಲೆ ಅವೂ ಬರುವುದು ನಿಂತಿತು. ಕಣ್ಣಿನ ಅಕ್ಷಿಪಟಲವೂ ಪಾರದರ್ಶಕವಾದರೆ ಬೆಳಕು ಅಲ್ಲಿ ತಡೆಯದೆ ದಾಟಿಹೋಗುವುದರಿಂದ, ಯಾರಿಗೂ ಕಾಣದ ಮನುಷ್ಯನು ತಾನೂ ಏನನ್ನೂ ಕಾಣಲಾರನೆಂದು ಪೆರೆಲ್ಮನ್ ವಿವರಿಸಿದ್ದ. ಓದಿ ಅತ್ತೆನೆಂದರೆ ಅತಿಶಯೋಕ್ತಿಯಾದೀತು, ಆದರೆ ಆ ದಿನ ಊಟ ಸೇರಲಿಲ್ಲ. ಇನ್ನು ನಮ್ಮ ಧಾರವಾಡದ ಕಡೆಯವರೇ ಆದ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಥೆಗಳನ್ನು ಓದಿದ ಮೇಲಂತೂ ಬಾಹ್ಯಾಕಾಶದಲ್ಲಿ ಕನ್ನಡ ನಡೆಯುತ್ತದೆಂಬ ಧೈರ್ಯ ಬಂದಿತ್ತು.

ಇಂದಿನ ತರಗತಿಗಳಲ್ಲಿ ಗ್ರಹಗಳು ಪರದೆಯ ಮೇಲೆ ಬಣ್ಣಬಣ್ಣವಾಗಿ ಸುತ್ತುತ್ತವೆ, ಸಂತೋಷ. ಆದರೆ ಪರೀಕ್ಷೆಗೆ ಬಾರದ ಪುಸ್ತಕವೊಂದರ ತಪ್ಪು ಹುಡುಕುತ್ತ ಇಡೀ ಪೀರಿಯಡ್ ಕಳೆಯುವ ಸ್ವಾತಂತ್ರ್ಯ ಶಿಕ್ಷಕರಿಗೂ ಉಳಿದಿಲ್ಲ, ಮಕ್ಕಳಿಗೂ ಇಲ್ಲ. ನಮ್ಮ ಶಾಲೆಯ ಹಿಂದಿನ ಸ್ನೇಹಸಮ್ಮೇಳನಕ್ಕೆ ಬಂದಾಗ ಗ್ರಂಥಾಲಯದ ಕಪಾಟುಗಳಿಗೆ ಬೀಗ ಬಿದ್ದಿದ್ದುದನ್ನೂ ಕಂಡೆ.

ಮುಟ್ಟಿದರೆ ಪುಡಿಯಾಗುತ್ತಿದ್ದ ಪುಸ್ತಕಗಳು ರದ್ದಿಗೆ ಹೋದವು. ಗಟ್ಟಿಯಾಗಿ ಉಳಿದವುಗಳನ್ನು ಶಾಲೆಗೆ ಒಪ್ಪಿಸಿದ್ದೇನೆ. ಕೆಲವು ಪುಟಗಳ ಅಂಚಿನಲ್ಲಿ ಪೆನ್ಸಿಲ್ಲಿನ ಲೆಕ್ಕಗಳಿವೆ, ಅವನ್ನು ಅಳಿಸಬಾರದು. ವೆಲ್ಸ್ ಬೇಕೆಂದು ಬಂದ ಮಗುವಿಗೆ ಪೆರೆಲ್ಮನ್‌ನನ್ನು ಜೊತೆಗೇ ಕೊಡಬೇಡಿರೆಂದೂ ಗ್ರಂಥಪಾಲಕರಲ್ಲಿ ನನ್ನ ವಿನಂತಿ. ವೆಲ್ಸ್‌ನನ್ನು ಹಿಂದಿರುಗಿಸಲು ಬಂದಾಗ ಕೊಡಿರಿ.