4,100 ಗ್ರಾಂ ಅಂದಿತ್ತು ಮೆಷಿನ್

12 ಮಾರ್ಚ್ 2025, ಬುಧವಾರ, ಬೆಳಿಗ್ಗೆ 9

ರಾತ್ರಿ ಡ್ಯೂಟಿ ಮುಗಿಸಿ ಬಂದೆ. ನಿದ್ದೆ ಹತ್ತುತ್ತಿಲ್ಲ.

ಒಂದೂವರೆಗೆ ಒಬ್ಬರು ಬಂದರು. ಎರಡನೇ ಹೆರಿಗೆ, ನೀರು ಹೋಗಿ ಮೂರು ಗಂಟೆಯಾಗಿತ್ತು. ಹೊಟ್ಟೆ ದೊಡ್ಡದೇ ಅನ್ನಿಸಿತು. ಮಗುವಿನ ತೂಕ ನೋಡೋಣ ಅಂತ ಸ್ಕ್ಯಾನ್ ಮೆಷಿನ್ ಎಳೆದುಕೊಂಡೆ.

ನೋವು ಬಂದಾಗೆಲ್ಲ ಹೊಟ್ಟೆ ಕಲ್ಲಾಗುತ್ತದೆ, ಪ್ರೋಬ್ ಎತ್ತಿ ಕಾಯಬೇಕು. ತಲೆ ಆಗಲೇ ಕೆಳಗಿಳಿದು ಕೂತಿತ್ತು, ಅದರ ಅಳತೆ ಸರಿಯಾಗಿ ಸಿಗಲಿಲ್ಲ. ತೊಡೆಮೂಳೆ ಸಿಕ್ಕಿತು. ಉಳಿದದ್ದು ಮಗುವಿನ ಹೊಟ್ಟೆಯ ಸುತ್ತಳತೆ. ತೂಕದ ಲೆಕ್ಕವನ್ನು ಜಾಸ್ತಿ ಏರಿಳಿಸುವುದು ಅದೇ. ಜಠರದ ಕಪ್ಪು ಮಚ್ಚೆ, ಲಿವರ್ ಒಳಗೆ ಬಾಗಿದ ಹೊಕ್ಕುಳ ರಕ್ತನಾಳ, ಎರಡೂ ಒಂದೇ ಚಿತ್ರದಲ್ಲಿ ಬರಬೇಕು, ಸುತ್ತು ದುಂಡಗಿರಬೇಕು. ನೀರಿಲ್ಲದೆ ಅಂಚೆಲ್ಲ ಮಸುಕು. ನನಗೆ ಸಿಕ್ಕಿದ್ದು ಮೊಟ್ಟೆಯಾಕಾರ. ಎರಡು ಸಲ ಅಳೆದೆ, ಎರಡೂ ಬೇರೆ ಬೇರೆ. ದೊಡ್ಡದನ್ನೇ ಇಟ್ಟುಕೊಂಡೆ. (ಭಯ, ಮತ್ತೇನು.)

ಈ ಅಳತೆಗಳಿಂದ ತೂಕ ಅಂದಾಜಿಸುವ ಹ್ಯಾಡ್‌ಲಾಕ್ ಸೂತ್ರದ ಲೆಕ್ಕ ಬಂತು: 4,100 ಗ್ರಾಂ.

ಸಿಸ್ಟರ್ ಹೊಟ್ಟೆ ಮೇಲೆ ಕೈಯಿಟ್ಟು, "ಮೂರೂವರೆ ಇರಬಹುದು ಡಾಕ್ಟ್ರೇ" ಅಂದರು. ತಾಯಿಯನ್ನೇ ಕೇಳಿದೆ. "ಮೊದಲನೇದು ಮೂರೂಕಾಲು ಕೆಜಿ ಇತ್ತು. ಇದು ಸ್ವಲ್ಪ ಜಾಸ್ತಿ ಅನ್ಸುತ್ತೆ" ಅಂದರು, ಎರಡು ನೋವಿನ ನಡುವೆ. ಒಮ್ಮೆ ಹೆತ್ತವರ ಅಂದಾಜು ಸ್ಕ್ಯಾನಿಗಿಂತ ತೀರಾ ಕಡೆಯೇನಲ್ಲ ಅಂತ ಓದಿದ್ದೆ. ಓದಿದ್ದು ರಾತ್ರಿ ಎರಡಕ್ಕೆ ನೆನಪಾಗಬೇಕಲ್ವಾ?

ಅಷ್ಟರಲ್ಲಿ ಮಾತು ಹೊರಗೆ ಹೋಗಿತ್ತು. "ನಾಲ್ಕು ದಾಟಿದೆಯಂತೆ, ಆಪರೇಷನ್ ಮಾಡಿಬಿಡಿ" ಅಂತ ಗಂಡ ಬಾಗಿಲಲ್ಲೇ ನಿಂತುಬಿಟ್ಟರು. ಮೆಷಿನ್ ಲೆಕ್ಕ ನೂರಕ್ಕೆ ಹತ್ತು ಹದಿನೈದರಷ್ಟು ಆಚೀಚೆ ಆಗುತ್ತದೆ, ಮಗು ಮೂರೂವರೆಯೂ ಇರಬಹುದು ಅಂತ ವಿವರಿಸಿದೆ. ಹಾಗಾದರೆ ಯಾಕೆ ಅಳೆದಿರಿ ಅಂದರು. ಉತ್ತರ ತೋಚಲಿಲ್ಲ.

ನಮ್ಮ ಹಿರಿಯ ಡಾಕ್ಟರ್ ಮೇಡಂಗೆ ಫೋನ್ ಮಾಡಿದೆ. "ಶುಗರ್ ಇದೆಯಾ?" ಇಲ್ಲ. "ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ?" ಏಳು ಸೆಂಟಿಮೀಟರ್, ಬಂದಾಗ ನಾಲ್ಕಿತ್ತು. "ಮತ್ತೇನು? ಶುಗರ್ ಇಲ್ಲದವರಿಗೆ ಅಂದಾಜು ಐದು ಕೆಜಿ ಮುಟ್ಟದೆ ಬರೀ ತೂಕ ನೋಡಿ ಸಿಸೇರಿಯನ್ ಮಾಡ್ತಾರೇನು? ಭುಜ ಸಿಕ್ಕಿಕೊಂಡರೆ ಅಂತ ಇಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊ" ಅಂದರು.

ಐದೂ ಹತ್ತಕ್ಕೆ ಹೆರಿಗೆಯಾಯಿತು. ತಲೆ ಬಂದ ಮೇಲೆ ನಾನು ಉಸಿರು ಬಿಟ್ಟಿರಲಿಲ್ಲ. ಮುಂದಿನ ನೋವಿಗೆ ಭುಜ ಸಲೀಸಾಗಿ ಜಾರಿ ಬಂತು. ಹೆಣ್ಣು ಮಗು. ತಕ್ಕಡಿ ಮೇಲಿಟ್ಟರೆ 3,620.

ಸಿಸ್ಟರ್ ನನ್ನ ಕಡೆ ನೋಡದೆ ರಿಜಿಸ್ಟರಿನಲ್ಲಿ ಬರೆದುಕೊಂಡರು. ಕೇಸ್ ಶೀಟಿನಲ್ಲಿ ನನ್ನ 4,100 ಹಾಗೇ ಇದೆ. ಪಕ್ಕದಲ್ಲಿ 'ಅಂದಾಜು' ಅಂತ ಕೂಡ ನಾನು ಬರೆದಿರಲಿಲ್ಲ.