ಗಾಜಿನ ಹಂಚು

ಶಿರಸಿಯಲ್ಲಿ ಬೆಳಿಗ್ಗೆಯಿಂದ ಒಂದೇ ಸಮನೆ ಮಳೆ. ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಮೂರು ತಾಸು ಒಂದೇ ಎರರ್ ನೋಡಿದೆ. ಹ್ಯಾಂಡ್‌ಶೇಕ್ ಫೇಲ್ಯೂರ್, ಅಂದ್ರೆ ನಮ್ಮ ಪ್ರೋಗ್ರಾಂಗೂ ಆಚೆ ಕಡೆಯ ಸರ್ವರ್‌ಗೂ ಮೊದಲ ಮಾತೇ ಕುದುರಿಲ್ಲ.

ಟಿಎಲ್‌ಎಸ್ ಅಂದ್ರೆ ನೆಟ್‌ನಲ್ಲಿ ಎರಡು ಕಂಪ್ಯೂಟರ್ ಗುಟ್ಟಾಗಿ ಮಾತಾಡೋ ಪ್ರೊಟೊಕಾಲ್, ನಿಯಮ. ಆ ಸರ್ವರ್ ಈಗ ಟಿಎಲ್‌ಎಸ್ 1.3 ಬಿಟ್ಟು ಬೇರೆ ಮಾತೇ ಆಡಲ್ಲವಂತೆ. ನಮ್ಮ ಪ್ರೋಗ್ರಾಂ ಓಡೋದು ಜಾವಾ 8ರ ಮೇಲೆ. ಅದು ಬಂದಿದ್ದು 2014ರಲ್ಲಿ, ಟಿಎಲ್‌ಎಸ್ 1.3 ಹುಟ್ಟಿದ್ದೇ 2018ರಲ್ಲಿ. ಕಥೆ ಮುಗೀತು ಅಂದ್ಕೊಂಡೆ.

ಮುಗಿದಿರಲಿಲ್ಲ. 2020ರ ಜುಲೈನಲ್ಲಿ ಬಂದ ಜಾವಾ 8ರ ಅಪ್‌ಡೇಟ್ 261ರಲ್ಲೇ ಅದನ್ನು ಸೇರಿಸಿದ್ದಾರೆ. ಮೇಂಟೆನೆನ್ಸ್ ರಿಲೀಸ್ ಅಂದ್ರೆ ಸೋರೋ ಕಡೆ ತೇಪೆ ಹಾಕೋದಷ್ಟೇ ಅಂತ ನನ್ನ ಲೆಕ್ಕ. ಇಲ್ಲಿ ಹೊಸ ಪ್ರೊಟೊಕಾಲನ್ನೇ ಕೂರಿಸಿದ್ದಾರೆ! ಆದರೆ ಸರ್ವರ್ ಕಡೆ ಆನ್, ಕ್ಲೈಂಟ್ ಕಡೆ, ಅಂದ್ರೆ ನಮ್ಮ ಹಾಗೆ ಕನೆಕ್ಟ್ ಮಾಡೋರ ಕಡೆ, ಆಫ್. ಹಳೇ ಪ್ರೋಗ್ರಾಂಗಳು ಬೆಚ್ಚಿ ಬೀಳಬಾರದು ಅಲ್ವಾ. ಕ್ಲೈಂಟ್ ಕಡೆಯೂ ತಾನಾಗೇ ಆನ್ ಆಗಿದ್ದು 2022ರಲ್ಲಿ, ಅಪ್‌ಡೇಟ್ 341ಕ್ಕೆ. ನಮ್ಮದು 281. ಒಂದು ಸಾಲು ಸೆಟ್ಟಿಂಗ್ ಬರೆದೆ, ಕನೆಕ್ಟ್ ಆಯ್ತು.

"ತಮಾ, ಚಾ ಆರಿಹೋತು ನೋಡು" ಅಂತ ಆಯಿ ಒಳಗಿಂದ ಕೂಗಿದಳು.

ಅಡುಗೆಮನೆಯಲ್ಲಿ ಹಾಡುಹಗಲೇ ಕತ್ತಲೆ. ಹೋದ ಬೇಸಿಗೆಯಲ್ಲಿ ಒಡೆದ ಹಂಚು ಬದಲಿಸುವಾಗ ಅಪ್ಪಯ್ಯ ಒಲೆಯ ಮೇಲೆ ಸರಿಯಾಗಿ ಒಂದು ಗಾಜಿನ ಹಂಚು ಹಾಕಿಸಿದ್ದ. ಎಲ್ಲಿ ಹೋಯ್ತು ಅಂತ ತಲೆ ಎತ್ತಿದೆ. ಅಟ್ಟದಲ್ಲಿ ಅದರ ಕೆಳಗೇ ಗೋಣಿಚೀಲ ಹಾಸಿದೆ.

"ಬಿಸಿಲು ಸೀದಾ ಕಣ್ಣಿಗೇ ಹೊಡೀತಿತ್ತು, ನಾನೇ ಮುಚ್ಚಿದ್ದು" ಅಂದಳು ಆಯಿ.

ಏಣಿ ಹಾಕಿ ಚೀಲ ಸರಿಸಿ ಬಂದೆ. ಮಳೆಗಾಲ ಮುಗಿಯೋವರೆಗೆ ಮಾತ್ರ, ಅಂತ ಕರಾರಾಗಿದೆ.