ಶ್ರೀಗಂಧ, ತಿಮಿಂಗಿಲ ಶಾರ್ಕ್ ಮತ್ತು 2001

ಶ್ರೀಗಂಧಕ್ಕೂ ತಿಮಿಂಗಿಲ ಶಾರ್ಕ್ ಅನ್ನೋ ದೈತ್ಯ ಮೀನಿಗೂ ಎತ್ತಣ ಸಂಬಂಧ! ಎರಡರ ಜೀವಕೋಶದಲ್ಲೂ ನ್ಯೂಕ್ಲಿಯಸ್ ಇದೆ. ಅದಾದ ಮೇಲೆ ಒಂದು ಸಸ್ಯ, ಇನ್ನೊಂದು ಪ್ರಾಣಿ, ದಾರಿ ಬೇರೆ. ಆದರೆ ಯಾವ ಜೀವಿಗೆ ಎಷ್ಟು ಅಳಿವಿನ ಅಪಾಯವಿದೆ ಅಂತ ಹೇಳುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಕ್ಕಪಕ್ಕವೇ ಇವೆ. ಗಂಧ 'ದುರ್ಬಲ', ಶಾರ್ಕ್ ಇನ್ನೂ ಜಾಸ್ತಿ ಕಷ್ಟದಲ್ಲಿ, 'ಅಳಿವಿನಂಚಿನಲ್ಲಿ'. ಎರಡಕ್ಕೂ ಮುಳುವಾದದ್ದು ಎಣ್ಣೆ. ಒಂದರದ್ದು ಮರದ ತಿರುಳಿನಲ್ಲಿ, ಇನ್ನೊಂದರದ್ದು ಲಿವರ್‌ನಲ್ಲಿ.

ನನಗೆ ಮಜಾ ಅನ್ನಿಸಿದ್ದು ಕಾನೂನಿನ ಕಥೆ. 2001ರಲ್ಲಿ ಕೇಂದ್ರ ಸರ್ಕಾರ ಈ ಶಾರ್ಕನ್ನು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಗೆ, ಸೇರಿಸಿತು. ಗುಜರಾತ್ ಕರಾವಳಿಯ ಬೇಟೆಗೆ ತಡೆ ಬಿತ್ತು. ಅದೇ ವರ್ಷ ಕರ್ನಾಟಕ ಉಲ್ಟಾ ಹಾದಿ ಹಿಡಿಯಿತು. ಅಲ್ಲಿಯವರೆಗೆ ನಮ್ಮ ಹೊಲದ ಗಂಧದ ಮರವೂ ಸರ್ಕಾರದ್ದೇ. ರಾಜ್ಯದ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಜಮೀನಿನವನೇ ಒಡೆಯ. ಸರಿ ಅನ್ನಿಸುತ್ತೆ, ಅಲ್ವಾ? ಕಳ್ಳರಿಂದ ಮರ ಕಾಯುವ ಕೆಲಸವೂ ಈಗ ಅವನದ್ದೇ.